ಹವಳದ ತೊಟ್ಟಿಗೆ ರಂಜಕ ಎಲ್ಲಿಂದ ಬಂತು

ಆ ಮಾತನ್ನು ನಾನು ಆಡಿದೆನೋ ಇಲ್ಲವೋ ಎಂಬುದು ಇದನ್ನು ಬರೆಯಲು ಕೂತಾಗಲೂ ನನಗೆ ಖಾತ್ರಿಯಿರಲಿಲ್ಲ. ನನ್ನ ನೆನಪಿನಲ್ಲಿ ನಾನು ಹೇಳಿದ್ದು ಇಷ್ಟೇ: 'ಅತ್ತೆ, ದಯವಿಟ್ಟು ತೊಟ್ಟಿಗೆ ಏನೂ ಹಾಕ್ಬೇಡಿ.' ನನ್ನ ಹೆಂಡತಿಯ ನೆನಪಿನಲ್ಲಿ 'ದಯವಿಟ್ಟು' ಇರಲಿಲ್ಲ. ಅದರ ಬದಲು 'ನಿಮ್ಮ ಕೈ ಬಿದ್ದಿದ್ದಕ್ಕೇ ಇವು ಸಾಯ್ತಿರೋದು' ಎಂಬ ಮಾತಿತ್ತು. ಅತ್ತೆಯನ್ನು ಕೇಳಿದರೆ, 'ಯಾವ್ ಮಾತು? ನಂಗೇನೂ ನೆನಪಿಲ್ಲ ಬಿಡಿ' ಅನ್ನುತ್ತಾರೆ. ಅವರು ನಮ್ಮ ಮದುವೆಗೆ ಬಂದವರಲ್ಲಿ ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದರೆಂದು ಇವತ್ತಿಗೂ ಹೇಳಬಲ್ಲವರು. ಹಾಗಾಗಿ ನಮ್ಮಿಬ್ಬರ ನೆನಪಿಗಿಂತ ಅವರೊಬ್ಬರ ಮರೆವೇ ನನಗೆ ಹೆಚ್ಚು ಅನುಮಾನ ಹುಟ್ಟಿಸಿತ್ತು.

ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವನು. ತರೀಕೆರೆಯಲ್ಲಿ ಮಣ್ಣು, ನೀರು ಪರೀಕ್ಷಿಸುವ ಒಂದು ಸಣ್ಣ ಖಾಸಗಿ ಕೇಂದ್ರದಲ್ಲಿ ಕೆಲಸ. ಮನೆ ಕಡೂರಿನಲ್ಲಿ, ಬಾಡಿಗೆಯದು, ಮಹಡಿಯ ಮೇಲೆ. ಬೆಳಿಗ್ಗೆ ರೈಲಿನಲ್ಲಿ ಬೀರೂರು ದಾಟಿ ತರೀಕೆರೆಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ರೈತರು ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತಂದು ಮೇಜಿನ ಮೇಲಿಡುತ್ತಾರೆ. ತೋಟಕ್ಕೆ ಯಾರದೋ ಕಣ್ಣು ಬಿದ್ದಿದೆ ಅನ್ನುತ್ತಾರೆ. ಕಣ್ಣಲ್ಲ, ಸಾರಜನಕ ಕಡಿಮೆ ಎಂದು ನಾನು ಚೀಟಿ ಬರೆದು ಕೊಡುತ್ತೇನೆ. ಸಾಕ್ಷಿಯಿಲ್ಲದ ಯಾವ ಮಾತನ್ನೂ ನಂಬದಿರುವುದು ನನಗೆ ಕೆಲಸವೂ ಹೌದು, ಚಟವೂ ಹೌದು.

ಒಂದರಲ್ಲಿ ನೆಲೆ ನಿಲ್ಲುವ ಸ್ವಭಾವ ನನ್ನದಲ್ಲ. ದೂರದರ್ಶಕ ತಂದು ಎರಡು ತಿಂಗಳು ನಕ್ಷತ್ರ ನೋಡಿದೆ. ಜೇನುಪೆಟ್ಟಿಗೆ ಇಟ್ಟೆ, ಕೆಳಗಿನ ಮನೆಯವರು ಜಗಳಕ್ಕೆ ಬಂದರು. ಆಮೇಲೆ ಬಂದದ್ದು ಸಮುದ್ರದ ತೊಟ್ಟಿ. ಮೂರಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಶುದ್ಧೀಕರಿಸಿದ ನೀರು, ನೀರಿಗೆ ಅಳೆದು ಬೆರೆಸಿದ ಸಮುದ್ರದ ಉಪ್ಪು, ಒಂದು ಪಂಪು, ಮೇಲೊಂದು ನೀಲಿ ಬೆಳಕು. ಒಳಗೆ ಎರಡು ಪುಟ್ಟ ಮೀನು. ಬೆಂಗಳೂರಿನ ಒಬ್ಬ ಹವ್ಯಾಸಿ ತನ್ನ ತೊಟ್ಟಿಯಲ್ಲಿ ಬೆಳೆಸಿದ ಗುಂಡಿ ಹವಳದ ಒಂದು ತುಂಡನ್ನು ಥರ್ಮೊಕೋಲ್ ಡಬ್ಬಿಯಲ್ಲಿಟ್ಟು ಕೊಟ್ಟಿದ್ದ. ಅಂಗಿಯ ಗುಂಡಿಯಷ್ಟು ಅಗಲದ ಜೀವಿಗಳು, ಒಂದು ಕಲ್ಲಿಗೆ ಅಂಟಿಕೊಂಡು ಹೂವಿನ ಹಾಗೆ ಬಿರಿಯುತ್ತವೆ. ಒಂದೊಂದರ ನಡುವೆಯೂ ಹಸಿರು, ಅಂಚಿಗೆ ಕಿತ್ತಳೆ. ಸಮುದ್ರದಿಂದ ಇಷ್ಟು ದೂರದ ಕಡೂರಿನಲ್ಲಿ, ಬೋರ್‌ವೆಲ್ ನೀರಿನಿಂದ ಬಕೆಟ್‌ಗೆಲ್ಲ ಬಿಳಿ ಪದರ ಕಟ್ಟುವ ಮನೆಯಲ್ಲಿ, ಅವು ಅರಳಿದ ಬೆಳಿಗ್ಗೆ ನಾನು ರೈಲು ತಪ್ಪಿಸಿಕೊಂಡೆ.

ಅದೇ ಸುಮಾರಿಗೆ ಅತ್ತೆ ನಮ್ಮಲ್ಲಿಗೆ ಬಂದರು. ಅವರದು ಅಜ್ಜಂಪುರ. ಮಗ, ಅಂದರೆ ನನ್ನ ಬಾಮೈದ, ಅಲ್ಲಿ ಗೊಬ್ಬರದಂಗಡಿ ಇಟ್ಟುಕೊಂಡಿದ್ದಾನೆ. ಅತ್ತೆ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು, ಕಡೂರಿನಲ್ಲಿದ್ದರೆ ವೈದ್ಯರಲ್ಲಿಗೆ ಹೋಗಿಬರುವುದು ಸುಲಭವೆಂದು ಮಗಳು ಕರೆತಂದಳು. ಕಣ್ಣು ವಾಸಿಯಾದ ಮೇಲೂ ಕಳುಹಿಸಲಿಲ್ಲ. ನನ್ನ ಹೆಂಡತಿ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಾಳೆ. ಸಂಜೆ ಮನೆಗೆ ಬಂದಾಗ ತಾಯಿ ಬಾಗಿಲು ತೆಗೆಯುವುದು ಅವಳಿಗೆ ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಸಿಕ್ಕ ಸುಖ. ಅದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ, ಅಡುಗೆಮನೆಯಿಂದ ಬರುವ ನಗುವಿನಲ್ಲಿ ಗೊತ್ತಾಗುತ್ತಿತ್ತು.

ಅತ್ತೆಗೆ ದಿನವೂ ಲಿಂಗಪೂಜೆ ಆಗಬೇಕು. ನಮ್ಮ ಮನೆಯಲ್ಲೂ ಹಿಂದೆ ಎಲ್ಲರೂ ಮಾಡಿಕೊಳ್ಳುತ್ತಿದ್ದರು. ನಾನು ಕಾಲೇಜಿಗೆ ಹೋದ ವರ್ಷ ಬಿಟ್ಟೆ. ನನ್ನ ಲಿಂಗದ ಕರಡಿಗೆ ಬೀರುವಿನಲ್ಲಿದೆ. ಅವರು ಮುಂದಿನ ಕೋಣೆಯ ಮೂಲೆಯಲ್ಲಿ, ತೊಟ್ಟಿಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುತ್ತಿದ್ದರು. ನಾನು ಆ ಹೊತ್ತಿಗೆ ರೈಲಿನಲ್ಲಿರುತ್ತಿದ್ದೆ, ಭಾನುವಾರವಾದರೆ ಇನ್ನೂ ಹಾಸಿಗೆಯಲ್ಲಿ. ಸಂಜೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಅತ್ತೆಯೂ ಬಂದು ನಿಲ್ಲುತ್ತಿದ್ದರು.

'ಇವು ಹೂವಾ, ಪ್ರಾಣಿಯಾ?'

'ಪ್ರಾಣಿ ಅತ್ತೆ. ಆದ್ರೆ ಮೈಯೊಳಗೆ ಪಾಚಿ ಇಟ್ಕೊಂಡಿರ್ತವೆ. ಆ ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತೆ, ಇವು ಉಣ್ತವೆ.'

'ಅಡುಗೆಯೋರ್ನ ಮನೇಲೇ ಇಟ್ಕೊಂಡವೆ ಅನ್ನಿ. ಸಾವ್ಕಾರ್ರು.'

ಮೂರನೆಯ ತಿಂಗಳು ಬಣ್ಣ ಕೆಡಲು ಶುರುವಾಯಿತು. ಮೊದಲು ಕಿತ್ತಳೆ ಮಂಕಾಯಿತು, ಆಮೇಲೆ ಹಸಿರಿನ ಮೇಲೆ ಚಹಾದ ಕಲೆಯಂತೆ ಕಂದು ಹರಡಿತು. ಪುಸ್ತಕದ ವಿದ್ಯೆ ನನಗೆ ಗೊತ್ತಿತ್ತು. ನೀರಿನಲ್ಲಿ ಸಾರಜನಕದ ನೈಟ್ರೇಟು, ರಂಜಕದ ಫಾಸ್ಫೇಟು ಹೆಚ್ಚಾದರೆ ಹವಳದೊಳಗಿನ ಪಾಚಿ ಕೊಬ್ಬುತ್ತದೆ. ಪಾಚಿಯ ಕಂದು ಹವಳದ ಸ್ವಂತ ಬಣ್ಣವನ್ನು ಮುಚ್ಚುತ್ತದೆ. ಸಣ್ಣ ಸೀಸೆಗೆ ತೊಟ್ಟಿಯ ನೀರು ತುಂಬಿ, ಪರೀಕ್ಷೆಯ ಹನಿಗಳನ್ನು ಹಾಕಿ ಅಲುಗಿಸಿದೆ. ಫಾಸ್ಫೇಟ್ ಇದ್ದಷ್ಟೂ ನೀರು ನೀಲಿಯಾಗುತ್ತದೆ. ನನ್ನ ಸೀಸೆ ಶಾಲಾಮಕ್ಕಳ ಶಾಯಿಯ ಹಾಗಿತ್ತು. ನೈಟ್ರೇಟು ಮಾತ್ರ ಇರಬೇಕಾದಷ್ಟೇ ಇತ್ತು.

ಇದು ವಿಚಿತ್ರ. ಮೀನಿನ ತಿಂಡಿ ಹೆಚ್ಚಾಗಿದ್ದರೆ ಎರಡೂ ಏರಬೇಕು. ಬರೀ ರಂಜಕವೊಂದೇ ಎಲ್ಲಿಂದ ಬಂತು? ಶುದ್ಧೀಕರಿಸಿದ ನೀರನ್ನು ತರೀಕೆರೆಗೆ ಒಯ್ದು ಪರೀಕ್ಷಿಸಿದೆ, ಏನೂ ಇಲ್ಲ. ಉಪ್ಪು ಪರೀಕ್ಷಿಸಿದೆ, ಏನೂ ಇಲ್ಲ. ಕಲ್ಲಿನಿಂದ ಒಸರುತ್ತಿದೆಯೇ ಎಂದು ಒಂದು ಚೂರನ್ನು ಬೇರೆ ಲೋಟದಲ್ಲಿ ವಾರವಿಡೀ ನೆನೆಸಿಟ್ಟೆ, ಅಲ್ಲೂ ಇಲ್ಲ. ಫಾಸ್ಫೇಟನ್ನು ಹೀರುವ ತುಕ್ಕುಬಣ್ಣದ ಹರಳುಗಳನ್ನು ಬಲೆಚೀಲದಲ್ಲಿ ತುಂಬಿ ನೀರು ಹರಿಯುವಲ್ಲಿ ಇಳಿಬಿಟ್ಟೆ. ಎರಡು ದಿನ ಇಳಿಯಿತು, ಮತ್ತೆ ಏರಿತು. ಚೀಲ ದೊಡ್ಡದು ಮಾಡಿದೆ.

ಒಂದು ಭಾನುವಾರ ಬೆಳಿಗ್ಗೆ ಸೋಸುವ ಜಾಲರಿಯ ಹಲ್ಲಿನ ನಡುವೆ ಬಿಳಿಯದೊಂದು ಸಿಕ್ಕಿಕೊಂಡದ್ದು ಕಂಡಿತು. ಅಕ್ಕಿಯಷ್ಟು ದೊಡ್ಡದು, ನೆಂದು ಮೆತ್ತಗಾಗಿತ್ತು. ಅನ್ನದ ಅಗುಳು! ನನಗೆ ಎಲ್ಲವೂ ಹೊಳೆದುಬಿಟ್ಟಿತು. ಮನೆ ಬಾಗಿಲಿಗೆ ಬಂದ ನಾಯಿಗೂ ಕಾಗೆಗೂ ತಟ್ಟೆಯಲ್ಲಿ ಅನ್ನ ತೆಗೆದಿಡುವ ಅತ್ತೆ ಮೀನನ್ನು ಬಿಟ್ಟಾರೆಯೇ? ಅನ್ನ ಹಾಕಿದರೆ ನೈಟ್ರೇಟೂ ಏರಬೇಕಿತ್ತಲ್ಲ ಎಂದು ಆ ಗಳಿಗೆಯಲ್ಲಿ ನಾನು ಕೇಳಿಕೊಳ್ಳಲಿಲ್ಲ. ರೈತರಿಗೆ ಸಾಕ್ಷಿ ಕೇಳುವವನು ಒಂದು ಅಗುಳಿಗೆ ತೃಪ್ತನಾದೆ.

ಆಗ ಆಡಿದ್ದೇ ಆ ಮಾತು. ಮೊದಲು ಹೇಳಿದೆನಲ್ಲ, ಅದರಲ್ಲಿ ಏನಿತ್ತೆಂದು ನಮ್ಮಲ್ಲಿ ಒಮ್ಮತವಿಲ್ಲ. ಇಂಥ ಹವಳಗಳಲ್ಲಿ ಕೆಲವಕ್ಕೆ ವಿಷವಿರುತ್ತದೆ, ಕೈಹಾಕಬಾರದೆನ್ನುವುದಕ್ಕೆ ನಿಜವಾದ ಕಾರಣವಿತ್ತು ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಬುಧವಾರ ಅತ್ತೆ ಚೀಲ ಕಟ್ಟಿದರು. 'ಹುಣಸೆಹಣ್ಣು ಬಂದವೆ ಅಂತೆ, ಕುಟ್ಟೋರಿಲ್ಲ. ಹೋಗ್ಬತ್ತೀನಿ' ಅಂದರು. ಮಗಳು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದಳು. ಬಂದವಳು ನನ್ನ ಕಡೆ ನೋಡದೆ ಒಳಗೆ ಹೋದಳು.

ಅತ್ತೆ ಹೋದ ಹತ್ತು ದಿನದಲ್ಲಿ ಫಾಸ್ಫೇಟು ಸೊನ್ನೆಗಿಳಿಯಿತು. ನಾನು ಗೆದ್ದೆ ಅಂದುಕೊಂಡೆ. ನೋಟ್‌ಬುಕ್ಕಿನಲ್ಲಿ ಸೊನ್ನೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಹೆಂಡತಿಗೆ ತೋರಿಸಿದೆ. 'ಸಂತೋಷ' ಅಂದಳು, ಸೊಪ್ಪು ಬಿಡಿಸುತ್ತ.

ಮೂರು ವಾರದಲ್ಲಿ ಕಂದು ಕಳೆಯಿತು ನಿಜ. ಆದರೆ ಅದರಡಿಯಿಂದ ಕಿತ್ತಳೆ ಬರಲಿಲ್ಲ. ಹವಳ ಬೆಳ್ಳಗಾಗುತ್ತ ಬಂತು, ಒಗೆದೊಗೆದು ಬಣ್ಣ ಹೋದ ಬಟ್ಟೆಯ ಹಾಗೆ. ಗುಂಡಿಗಳು ಅರಳುವುದು ಬಿಟ್ಟು ಮೊಗ್ಗಾಗಿ ಮುದುರಿಕೊಂಡವು. ಮರಳಿನ ಮೇಲೆ ಲೋಳೆ ಎದ್ದಿತು. ನೈಟ್ರೇಟೂ ಸೊನ್ನೆ ತೋರಿಸಿತು. ನೀರು ಮಾತ್ರ ಗಾಜಿನಷ್ಟು ತಿಳಿಯಾಗಿತ್ತು, ಅದರಲ್ಲಿ ಏನೂ ಇರಲಿಲ್ಲ. ಬೆಂಗಳೂರಿನ ಹವ್ಯಾಸಿಗೆ ಫೋನು ಮಾಡಿದೆ. ಮರುದಿನ ಮತ್ತೆ ಮಾಡಿದೆ. ಮೂರನೆಯ ಸಲ ಮಾಡುವಾಗ ಹೆಂಡತಿ ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು.

'ಹವಳಕ್ಕೆ ಹುಷಾರಿಲ್ಲ ಅಂತ ಮೂರ್ ಸಲ ಫೋನ್ ಮಾಡಿದ್ರಿ. ಅಜ್ಜಂಪುರಕ್ಕೆ ಒಂದ್ ಸಲ ಮಾಡಿದ್ರಾ?'

'ಅವ್ರೇ ಹುಣಸೆಹಣ್ಣು ಅಂತ ಹೋದ್ರಲ್ಲೇ.'

'ನಮ್ಮವ್ವ ಯಾವತ್ತು ಹುಣಸೆಹಣ್ಣು ಕುಟ್ಟಿದ್ದಾರ್ರೀ? ಕೂಲಿಯೋರ ಕೈಲಿ ಕುಟ್ಸೋದು ನಮ್ಮನೇಲಿ.' ಕೆಂಪು ಪೆನ್ನು ಕೆಳಗಿಟ್ಟಳು. 'ನೀವು ಕರ್ಕೊಂಡ್ ಬಂದ್ರೆ ಬತ್ತಾರೆ. ನಾನ್ ಕರೆದ್ರೆ ಬರಲ್ಲ. ಅಷ್ಟೇ ವಿಷಯ.'

ಮುಂದಿನ ರಜೆಯ ದಿನ ಬೀರೂರಿನಲ್ಲಿ ಬಸ್ಸು ಬದಲಿಸಿ ಅಜ್ಜಂಪುರಕ್ಕೆ ಹೋದೆ. ಮನೆಗೆ ನೇರ ಹೋಗಲು ಮುಖವಿಲ್ಲದೆ ಮೊದಲು ಬಾಮೈದನ ಅಂಗಡಿಗೆ ಹೋದೆ. ಅವನು ಚೀಲದ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ.

'ಬನ್ನಿ ಭಾವ. ಏನ್ ಹಿಂಗೆ, ಫೋನೂ ಇಲ್ದೆ ಬಂದ್ಬಿಟ್ರಿ?'

ಹೇಳಬೇಕಾದ್ದನ್ನು ಹೇಳಲಾರದೆ ಫೋನಿನಲ್ಲಿದ್ದ ಹವಳದ ಚಿತ್ರ ತೋರಿಸಿದೆ. ಕೈ ಒರೆಸಿಕೊಂಡು ನೋಡಿದ.

'ಅಡಿಕೆ ಸಸಿ ಆಗಿದ್ರೆ ಹೊಟ್ಟೆಗಿಲ್ಲ ಅಂತಿದ್ದೆ.'

'ಸಸಿ ಅಲ್ಲ ಕಣಯ್ಯ, ಪ್ರಾಣಿ.'

'ಪ್ರಾಣಿಗೆ ಹಸಿವಾಗಲ್ವಾ?'

'ಗೊಬ್ಬರ ಜಾಸ್ತಿ ಆಗಿ ಬಣ್ಣ ಕೆಟ್ಟಿತ್ತು. ಅದಕ್ಕೆ ತೆಗೆದೆ.'

'ಜಾಸ್ತಿ ಆಗಿದ್ರೆ ಕಮ್ಮಿ ಮಾಡ್ಬೇಕು. ಪೂರ್ತಿ ತೆಗೀರಿ ಅಂತ ಯಾರ್ ಹೇಳಿದ್ರು? ಎಕರೆಗೆ ಇಷ್ಟು ಹಾಕಿ ಅಂತ ರೈತ್ರಿಗೆ ಚೀಟಿ ಬರ್ಕೊಡೋರು ನೀವೇ ತಾನೇ? ಆ ಚೀಟಿ ಹಿಡ್ಕೊಂಡು ನನ್ನ ಅಂಗಡಿಗೇ ಬತ್ತಾರೆ.' ನಕ್ಕು ಇನ್ನೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡ. 'ಯೂರಿಯಾ ಒಂದ್ ಚಮಚ ಕಟ್ಕೊಡ್ಲಾ? ಭಾವನಿಗೆ ಫ್ರೀ.'

ಮನೆಗೆ ಹೋದಾಗ ಅತ್ತೆಯ ಪೂಜೆ ಆಗಷ್ಟೇ ಮುಗಿದಿತ್ತು. ಹಣೆಯ ಮೇಲೆ ಮೂರೆಳೆ ಈಬತ್ತಿ ಇನ್ನೂ ಹಸಿಯಾಗಿತ್ತು. ನನ್ನನ್ನು ನೋಡಿ 'ಬಂದ್ರಾ, ಕೂತ್ಕಳಿ' ಎಂದವರೇ, ಕೈಯಲ್ಲಿದ್ದ ಹಿತ್ತಾಳೆ ಬಟ್ಟಲನ್ನು ಜೋಪಾನವಾಗಿ ಹಿಡಿದು ಹಿತ್ತಲಿಗೆ ನಡೆದರು. ನಾನೂ ಹಿಂದೆ ಹೋದೆ. ದಾಸವಾಳದ ಗಿಡದ ಬುಡಕ್ಕೆ ಬಟ್ಟಲು ಬಗ್ಗಿಸಿದರು. ತೆಳು ಮಜ್ಜಿಗೆಯಂಥ ನೀರು, ಬೂದಿ ಕದಡಿದ್ದು. ಅದರಲ್ಲಿ ಎರಡು ಮೂರು ತುಂಬೆಹೂ. ಪುಟ್ಟ, ಬಿಳಿ, ಅಕ್ಕಿಯಷ್ಟು ದೊಡ್ಡವು.

ನಾನು ಬಗ್ಗಿ ಒಂದನ್ನು ಕೈಗೆತ್ತಿಕೊಂಡೆ. ಬೆರಳ ನಡುವೆ ಮೆತ್ತಗಾಯಿತು.

'ಅತ್ತೆ, ಈ ನೀರ್ನ ದಿನಾ ಹಿಂಗೇ ಗಿಡಕ್ಕೆ ಹಾಕ್ತೀರಾ?'

'ಇನ್ನೆಲ್ಲಿಗ್ ಹಾಕ್ಲಿ? ಲಿಂಗಕ್ಕೆ ಎರೆದ ನೀರು, ತುಳಿಯೋ ಕಡೆ ಚೆಲ್ಲಕ್ಕಾಗುತ್ತಾ?'

'ಕಡೂರಲ್ಲಿ ಎಲ್ಲಿಗ್ ಹಾಕ್ತಿದ್ರಿ?'

ಅವರು ನನ್ನ ಮುಖ ನೋಡಿದರು. 'ನಿಮಗ್ ಗೊತ್ತಿತ್ತಲ್ಲ.'

'ನನಗೆ ಗೊತ್ತಿರ್ಲಿಲ್ಲ.'

'ಹ್ಞೂಂ, ಇರ್ಲಿ. ನಿಮ್ಮ ಹವಳದ ತೊಟ್ಟಿಗೇ ಹಾಕ್ತಿದ್ದೆ. ಮಹಡಿ ಮನೆ, ಸುತ್ತ ಸಿಮೆಂಟು, ಒಂದ್ ಹಿಡಿ ಮಣ್ಣಿಲ್ಲ. ಬಚ್ಚಲಿಗೆ ಚೆಲ್ಲಕ್ಕಾಗಲ್ಲ. ಯಾರೂ ಕಾಲಿಡದ ಜಾಗ ಅಂದ್ರೆ ಅದೊಂದೇ. ಜೀವ ಬೇರೆ ಇದಾವೆ.' ಬಟ್ಟಲು ಒರೆಸುತ್ತ ಹೇಳಿದರು, 'ಮಣ್ಣು ಪರೀಕ್ಷೆ ಮಾಡೋರ ಮನೇಲಿ ಮಣ್ಣಿಲ್ಲ. ಹೇಳ್ಕಂಡ್ರೆ ನಗ್ತಾರೆ.'

ಗಿಡದ ಬುಡದಲ್ಲಿ ನೀರು ಇಂಗಿ, ಬೂದಿ ಮಾತ್ರ ಮಣ್ಣಿನ ಮೇಲೆ ತೆಳ್ಳಗೆ ಉಳಿದಿತ್ತು. ಈಬತ್ತಿಯೆಂದರೆ ಸಗಣಿ ಸುಟ್ಟ ಬೂದಿ, ಅದರಲ್ಲಿ ರಂಜಕ ಉಳಿಯುತ್ತದೆ, ಸಾರಜನಕ ಹೊಗೆಯಾಗಿ ಹೋಗುತ್ತದೆ. ಇದನ್ನು ನಾನೇ ಎಷ್ಟೋ ರೈತರಿಗೆ ಹೇಳಿದ್ದೇನೆ. ನೀರು, ಉಪ್ಪು, ಕಲ್ಲು ಎಲ್ಲವನ್ನೂ ಪರೀಕ್ಷಿಸಿದವನಿಗೆ ಅದೇ ಕೋಣೆಯಲ್ಲಿ ದಿನವೂ ನಡೆಯುವ ಪೂಜೆಯ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಹುಟ್ಟಲೇ ಇಲ್ಲ. ಪೂಜೆ ಬಿಟ್ಟು ಇಪ್ಪತ್ತೈದು ವರ್ಷವಾಗಿತ್ತು.

'ಅನ್ನ ಹಾಕ್ತೀರಿ ಅಂದ್ಕೊಂಡಿದ್ದೆ' ಅಂದೆ.

'ಮೀನು ಅನ್ನ ತಿಂತಾವಾ? ಅಷ್ಟೂ ಗೊತ್ತಿಲ್ವಾ ನಂಗೆ?'

ಊಟವಾದ ಮೇಲೆ ಕೇಳಿದೆ, ಮನೆಗೆ ಬನ್ನಿ ಎಂದು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎಲೆ ಮಡಚಿ ಪಕ್ಕಕ್ಕಿಟ್ಟರು.

'ಬಂದ್ರೆ ಆ ನೀರಿಗೆ ಒಂದ್ ಜಾಗ ಮಾಡ್ಕೊಡಿ. ನಂಗ್ ಬೇರೆ ಏನೂ ಬೇಡ.'

ಮರುದಿನ ಕೆಲಸ ಮುಗಿದ ಮೇಲೆ, ಪರೀಕ್ಷೆ ಆಗಿ ಉಳಿದಿದ್ದ ಮಣ್ಣಿನ ಚೀಲಗಳನ್ನು ಒಂದು ಗೋಣಿಗೆ ಸುರಿದು ರೈಲಿನಲ್ಲಿ ಕಡೂರಿಗೆ ತಂದೆ. ಲಿಂಗದಹಳ್ಳಿ ಕಡೆಯ ಕೆಂಪು ಮಣ್ಣು, ಅಜ್ಜಂಪುರದ ಎರೆಮಣ್ಣು, ಯಾರ್ಯಾರದೋ ತೋಟದ ಹಿಡಿಹಿಡಿ ಮಣ್ಣು ಒಂದೇ ಸಿಮೆಂಟ್ ಕುಂಡದಲ್ಲಿ ಕೂಡಿತು. ಅಜ್ಜಂಪುರದಿಂದ ಹೊರಡುವಾಗ ಬಾಮೈದ ಕೊಟ್ಟಿದ್ದ ದಾಸವಾಳದ ಕಡ್ಡಿಯನ್ನು ಅದರಲ್ಲಿ ನೆಟ್ಟೆ. ಭಾನುವಾರ ಅತ್ತೆ ಬಂದರು. ಬಾಗಿಲು ತೆಗೆದ ಮಗಳು ಅವರ ಕೈಯಿಂದ ಚೀಲ ಕಿತ್ತುಕೊಂಡು ಒಳಗೆ ಹೋದಳು.

ಅದೇ ದಿನ ಮಧ್ಯಾಹ್ನ ಎರಡು ಲೋಟ ಇಟ್ಟು ಪರೀಕ್ಷೆ ಮಾಡಿದೆ. ಒಂದಕ್ಕೆ ಅತ್ತೆ ಬಳಸುವ ಈಬತ್ತಿ, ಮಠದಿಂದ ತಂದದ್ದು. ಇನ್ನೊಂದಕ್ಕೆ ಅಂಗಡಿಯದು. ಎರಡಕ್ಕೂ ಅಷ್ಟೇ ನೀರು, ಅಷ್ಟೇ ಹನಿ. ಮಠದ ಲೋಟ ನಿಧಾನವಾಗಿ ನೀಲಿಗೆ ತಿರುಗಿತು. ಅಂಗಡಿಯದು ಹನಿಯಲ್ಲಿದ್ದ ಆಮ್ಲಕ್ಕೆ ನೊರೆಯೆದ್ದು ಸುಮ್ಮನಾಯಿತು, ನೀಲಿ ಬರಲಿಲ್ಲ.

'ಅಂಗಡೀದು ಬೂದಿಯೇ ಅಲ್ಲ ಅನ್ಸುತ್ತೆ ಅತ್ತೆ, ಸೀಮೆಸುಣ್ಣ.'

'ಅದಕ್ಕೆ ಇಷ್ಟೆಲ್ಲ ಯಾಕ್ರೀ? ಹಣೆಗೆ ಹಚ್ಕಂಡ್ರೆ ಗೊತ್ತಾಗ್ತದೆ. ಅಂಗಡೀದು ಉದುರಿ ಮೂಗಿನ ಮೇಲೆ ಬೀಳ್ತದೆ.'

ಹರಳಿನ ಚೀಲವನ್ನು ಕಾಲು ಭಾಗಕ್ಕೆ ಇಳಿಸಿದೆ. ಮೀನಿಗೆ ತಿಂಡಿ ಒಂದು ಚಿಟಿಕೆ ಹೆಚ್ಚಿಸಿದೆ, ನೈಟ್ರೇಟು ಸೊನ್ನೆಯಿಂದ ಮೇಲೇಳಲಿ ಎಂದು. ಅತ್ತೆಯ ನೀರು ದಿನವೂ ದಾಸವಾಳಕ್ಕೆ, ಸೋಮವಾರ ಮಾತ್ರ ತೊಟ್ಟಿಗೆ, ಹೂ ಸೋಸಿ. ಇದು ಅತ್ತೆಯೇ ಹಾಕಿದ ಕರಾರು, 'ಪೂರ್ತಿ ಬಿಡ್ಸಿದ್ರೆ ಅವು ಏನಂದ್ಕೊಂಡಾವು' ಎಂದು. ಐದಾರು ವಾರಗಳಲ್ಲಿ ಗುಂಡಿಗಳು ಒಂದೊಂದಾಗಿ ಬಾಯಿಬಿಟ್ಟವು. ಮೊದಲು ನಡುವಿನ ಹಸಿರು ಬಂತು. ಅಂಚಿನ ಕಿತ್ತಳೆ ಬರಲು ಇನ್ನೂ ಒಂದು ತಿಂಗಳು ಬೇಕಾಯಿತು. ಈಗ ಮೊದಲಿಗಿಂತ ಗಾಢವಾಗಿದೆ ಎಂದು ನನಗನ್ನಿಸುತ್ತದೆ, ಆದರೆ ಮೊದಲಿನದು ಎಷ್ಟು ಗಾಢವಿತ್ತೆಂದು ಖಂಡಿತ ಹೇಳಲಾರೆ. ಸರಿಮಾಡಿದ್ದು ಯಾವುದು? ಸೋಮವಾರದ ಬೂದಿಯೋ, ಹೆಚ್ಚಿಸಿದ ತಿಂಡಿಯೋ, ಕಡಿಮೆ ಮಾಡಿದ ಹರಳೋ? ಒಂದೇ ವಾರದಲ್ಲಿ ಮೂರನ್ನೂ ಬದಲಿಸಿದೆ. ವಿದ್ಯಾರ್ಥಿಯೊಬ್ಬ ಹೀಗೆ ಮಾಡಿದ್ದರೆ ಅವನ ಪ್ರಯೋಗವನ್ನು ನಾನು ಒಪ್ಪುತ್ತಿರಲಿಲ್ಲ.

ಆ ಗಾಢತೆಯನ್ನು ಹೋಲಿಸಿ ನೋಡೋಣವೆಂದೇ, ಇದನ್ನು ಬರೆಯುತ್ತಿರುವ ಈ ವಾರ, ಹಳೆಯ ವಿಡಿಯೋಗಳನ್ನು ತೆಗೆದೆ. ಮೊದಲಿನಿಂದಲೂ ಪ್ರತಿ ಭಾನುವಾರ ಬೆಳಿಗ್ಗೆ ಫೋನನ್ನು ಒಂದೇ ಜಾಗದಲ್ಲಿ, ಕಪಾಟಿಗೆ ಒರಗಿಸಿಟ್ಟು ತೊಟ್ಟಿಯ ಒಂದು ನಿಮಿಷದ ವಿಡಿಯೋ ತೆಗೆಯುತ್ತಿದ್ದೆ. ನೋಡುವಾಗಲೆಲ್ಲ ಸದ್ದು ತೆಗೆದೇ ನೋಡುತ್ತಿದ್ದೆ, ಪಂಪಿನ ಗುಂಯ್‌ಗುಡುವಿಕೆ ಬಿಟ್ಟರೆ ಅದರಲ್ಲಿ ಕೇಳುವಂಥದ್ದೇನೂ ಇರುವುದಿಲ್ಲವೆಂದು. ಅಗುಳು ಸಿಕ್ಕಿದ್ದೂ ಭಾನುವಾರ ಬೆಳಿಗ್ಗೆಯೇ ಎಂಬುದು ಆಗ ನೆನಪಾಯಿತು. ತಾರೀಖು ನೋಡಿದೆ. ಸದ್ದು ಹಾಕಿದೆ.

ಕಂದು ಹವಳ. ಪಂಪು. ಜಾಲರಿ ಎತ್ತಿದ ಸದ್ದು. ಆಮೇಲೆ ನನ್ನ ದನಿ, ನಾನಂದುಕೊಂಡದ್ದಕ್ಕಿಂತ ಜೋರು: 'ಅನ್ನ ಹಾಕ್ಬಾರ್ದು ಅಂತ ಗೊತ್ತಾಗಲ್ವಾ? ನಿಮ್ಮ ಕೈ ಬಿದ್ದಿದ್ದಕ್ಕೇ ಇವು ಸಾಯ್ತಿರೋದು.'

ಹೆಂಡತಿ ಹೇಳಿದ್ದು ಅಕ್ಷರಕ್ಕಕ್ಷರ ಸರಿ. ದಯವಿಟ್ಟು ಇಲ್ಲ. ವಿಡಿಯೋ ಅಲ್ಲಿಗೆ ಮುಗಿಯಲಿಲ್ಲ. ಸ್ವಲ್ಪ ಹೊತ್ತು ಬರೀ ಪಂಪಿನ ಸದ್ದು, ಅದರ ಹಿಂದೆ, ಪೂಜೆಯ ಮೂಲೆಯ ಕಡೆಯಿಂದ, ಅತ್ತೆಯ ದನಿ. ಸಿಟ್ಟಿನದಲ್ಲ. ದಾರಿ ಕೇಳುವವರ ದನಿ.

'ಅನ್ನ ಹಾಕಿಲ್ಲ ಕಣ್ರೀ. ಪೂಜೆ ನೀರು ಅದು. ಹಂಗಾದ್ರೆ ಎಲ್ಲಿಗ್ ಹಾಕ್ಲಿ, ನೀವೇ ಹೇಳಿ?'

ಇದನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಆ ಪ್ರಶ್ನೆಯ ನಂತರ ವಿಡಿಯೋ ಹನ್ನೊಂದು ಸೆಕೆಂಡು ಓಡುತ್ತದೆ. ಅದರಲ್ಲಿ ನನ್ನ ಉತ್ತರವಿಲ್ಲ.